ಭೀಮೆ ದಾಟಿ ಸುರಪುರಕ್ಕೆ

ಯಾದಗಿರಿಯಲ್ಲಿ ರೈಲು ಇಳಿದು ಭೀಮಾ ನದಿಯ ಸೇತುವೆ ದಾಟಿದರೆ ಶಹಾಪುರ, ಅದರಾಚೆ ಸುರಪುರ. ಬಸ್ಸಿನಲ್ಲಿ ಸುಮಾರು ಎರಡು ತಾಸಿನ ದಾರಿ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ಈ ಸೀಮೆಗೆ ರೈಲೂ ಇರಲಿಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲೇ ಸಮುದ್ರ ದಾಟಿದವನು ಆತ. ಹೆಂಡತಿ ಮೇರಿ ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು. ಅವನಿಗೆ ಪರದೇಶವಾದ ನಿಜಾಮರ ಸೀಮೆ ಆಕೆಗೆ ತವರು. 1844ರಲ್ಲಿ ಮೇರಿ ತೀರಿಕೊಂಡಳು. ಟೇಲರ್ ಮಾತ್ರ 1853ರವರೆಗೂ ಸುರಪುರ ಬಿಡಲಿಲ್ಲ.

ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕ ಆ ರಾಜನನ್ನು ಹೈದರಾಬಾದಿನಲ್ಲಿ ಕಂಡು ಮಾತನಾಡಿಸಿದವನೂ ಟೇಲರನೇ. ಅದೇ ವರ್ಷ ಕಾವಲಿನಲ್ಲೇ ಗುಂಡು ತಗಲಿ ರಾಜ ಸತ್ತ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡುವವರು ಈ ಎರಡು ಸಾವುಗಳನ್ನೂ ತಿಳಿದಿದ್ದರೆ ಒಳ್ಳೆಯದು. ಇಲ್ಲವಾದರೆ ಅದು ಬರೀ ಹಳೆಯ ಬಂಗಲೆ.

ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ಬಸ್ಸಿನವರೆಲ್ಲ ತೋರಿಸುತ್ತಾರೆ. ಹತ್ತಿರದ ವಿಭೂತಿಹಳ್ಳಿಯನ್ನು ತೋರಿಸುವವರು ಕಡಿಮೆ. ಅಲ್ಲಿ ನೂರಾರು ಗುಂಡುಗಲ್ಲುಗಳು ಓರೆಸಾಲುಗಳಲ್ಲಿ ನಿಂತಿವೆ. ಟೇಲರ್ ಇವುಗಳ ಬಗ್ಗೆ ಬರೆದಿದ್ದಾನೆ. ಆ ಸಾಲುಗಳು ಅಯನಸಂಕ್ರಾಂತಿಯ ಸೂರ್ಯನ ಉದಯಾಸ್ತಗಳತ್ತ ಮುಖ ಮಾಡಿವೆ ಎಂಬುದು ಕೆಲವು ಖಗೋಳ ವಿಜ್ಞಾನಿಗಳ ಅಭಿಪ್ರಾಯ. ಮಕ್ಕಳೊಡನೆ ಹೋಗುವ ತಂದೆತಾಯಿಗಳು ಡಿಸೆಂಬರ್ 22ರ ಸುಮಾರಿಗೆ ಹೊರಡಲಿ. ಒಂದು ದಿಕ್ಸೂಚಿ, ಉದ್ದನೆಯ ಹಗ್ಗ ಜೊತೆಗಿರಲಿ.