ಸಾಕವ್ವನ ಮಾತು

ಉಮಾಶ್ರೀ ಅಂದರೆ ನಮ್ಮ ಮನೆಯಲ್ಲಿ ನಗು. ಗುಂಡ್ಲುಪೇಟೆಯಲ್ಲಿ ಭಾನುವಾರ ಟಿ.ವಿ. ಹಾಕಿದರೆ, ಅವರು ಬಾಯಿ ತೆರೆಯುವ ಮೊದಲೇ ಅವ್ವ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಎನ್.ಎಸ್. ರಾವ್ ಜೊತೆ ಅವರ ಜಗಳ ಶುರುವಾದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಆ ಎರಡರ್ಥದ ಮಾತುಗಳನ್ನು ಮಕ್ಕಳ ಜೊತೆ ಕೂತು ಕೇಳುವುದಾದರೂ ಹೇಗೆ? ನಾನೂ ಆ ನಟಿಯನ್ನು ಅಷ್ಟಕ್ಕೇ ಎಣಿಸಿದ್ದೆ.

ಚಾಮರಾಜನಗರದಲ್ಲಿ ಡಿಗ್ರಿ ಓದುವಾಗ ನನ್ನ ಮಾತಿಗೆ ಯಾರೂ ನಗಲಿಲ್ಲ, ಎಲ್ಲರದೂ ಅದೇ ಮಾತು. ಎಂ.ಎ.ಗೆ ಮೈಸೂರಿಗೆ ಹೋದ ಮೇಲೆ, ತರಗತಿಯಲ್ಲಿ ಒಮ್ಮೆ ‘ಓದ್ಕಂಡ್ ಬಂದಿವ್ನಿ ಕನಾ ಸಾ’ ಅಂದುಬಿಟ್ಟೆ. ಮೇಷ್ಟ್ರು ಇನ್ನೊಮ್ಮೆ ಹೇಳಿಸಿದರು. ಎಲ್ಲರೂ ನಕ್ಕರು. ಅವತ್ತಿನಿಂದ ಪುಸ್ತಕದ ಕನ್ನಡ ಹಿಡಿದೆ, ಮನೆಗೆ ಫೋನು ಮಾಡಿದಾಗಲೂ ಅದೇ. ‘ಯಾಕ್ಲಾ ಮೊಗ, ಮೇಷ್ಟ್ರಂಗೆ ಮಾತಾಡ್ತಿದ್ದೈ?’ ಎಂದು ಅವ್ವ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ.

ಆ ವರ್ಷವೇ ಹಾಸ್ಟೆಲಿನ ಗೆಳೆಯನೊಬ್ಬ ಲ್ಯಾಪ್‌ಟಾಪಿನಲ್ಲಿ ‘ಒಡಲಾಳ’ ನಾಟಕದ ಹಳೆಯ ವಿಡಿಯೊ ಹಾಕಿದ. ದೇವನೂರ ಮಹಾದೇವರ ಕಥೆ, ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನ. ದೇವನೂರು ನಂಜನಗೂಡು ತಾಲ್ಲೂಕಿನದು; ನಮ್ಮ ಬಸ್ಸು ಮೈಸೂರಿಗೆ ಹೋಗುವುದೇ ನಂಜನಗೂಡಿನ ಮೇಲೆ. ಕಳೆದುಹೋದ ಹುಂಜ ಹುಡುಕುತ್ತಾ ಮುದುಕಿ ಸಾಕವ್ವ ರಂಗಕ್ಕೆ ಬಂದಳು. ಅವಳು ಆಡುತ್ತಿದ್ದದ್ದು ನಾನು ಮುಚ್ಚಿಟ್ಟುಕೊಂಡಿದ್ದ ಮಾತು. ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಮನೆಮಂದಿಯೆಲ್ಲ ಕೂತು ಕದ್ದ ಕಡಲೆಕಾಯಿ ತಿನ್ನುವಾಗ, ಹಸಿವಿನ ಜೊತೆಗೆ ಎಂಥದೋ ಹಬ್ಬ ಅಲ್ಲಿತ್ತು. ಮುದುಕಿ ಯಾರೆಂದು ಕೇಳಿದೆ. ಗೆಳೆಯ ಉಮಾಶ್ರೀ ಅಂದ. ನಂಬಲಿಲ್ಲ.

ಹುಡುಕಿ ಓದಿದೆ. ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ, 1957ರಲ್ಲಿ. ಅಂದರೆ ನಮ್ಮ ಮಾತು ಅವರಿಗೆ ತಾಯಿಂದ ಬಂದದ್ದಲ್ಲ, ಕಲಿತದ್ದು. ನಾನು ಬಿಡಲು ಒದ್ದಾಡುತ್ತಿದ್ದುದನ್ನು ಅವರು ಕಷ್ಟಪಟ್ಟು ಬಾಯಿಗೆ ತಂದುಕೊಂಡಿದ್ದರು! ರಂಗಭೂಮಿಯಿಂದ ಕಾಶೀನಾಥರ ‘ಅನುಭವ’ದ ಮೂಲಕ ಸಿನಿಮಾಕ್ಕೆ ಬಂದು, ವರ್ಷಗಟ್ಟಲೆ ನಗಿಸುವ ಪಾತ್ರಗಳಲ್ಲೇ ಉಳಿದರು. ಆ ಸಿನಿಮಾಗಳನ್ನು ನಾನು ಹಳಿಯಲಾರೆ. ಸಾಕವ್ವನ ಒರಟು ಗತ್ತಿಗೂ ಆ ಜಗಳಗಂಟಿಯರ ಗತ್ತಿಗೂ ನಂಟಿದೆ ಅನ್ನಿಸುತ್ತದೆ. ವೈದೇಹಿಯವರ ಕಥೆ ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ನಲ್ಲಿ ಕರಾವಳಿಯ ಸೂಲಗಿತ್ತಿಯಾದರು, ಸಿನಿಮಾ ಹುಚ್ಚಿನ ಗುಲಾಬಿ. 2007ರ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೆ. 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾದಾಗ ಕನ್ನಡ ಮತ್ತು ಸಂಸ್ಕೃತಿ ಖಾತೆಯೂ ಅವರ ಪಾಲಿಗೆ ಬಂತು. ನಮ್ಮ ಮೇಷ್ಟ್ರು ಆ ಸುದ್ದಿ ಓದಿ ಏನಂದುಕೊಂಡರೋ.

ರಜೆಗೆ ಊರಿಗೆ ಹೋದಾಗ ಅದೇ ವಿಡಿಯೊವನ್ನು ಮೊಬೈಲಿನಲ್ಲಿ ಅವ್ವನಿಗೆ ತೋರಿಸಿದೆ. ನಗಲು ಸೆರಗು ಎತ್ತಿಕೊಂಡೇ ಕೂತವಳು ಎರಡು ನಿಮಿಷಕ್ಕೆ ಕೆಳಗಿಳಿಸಿದಳು.

‘ಯಾವೂರೋಳ್ಲಾ ಇವ್ಳು? ಬೇಗೂರು ಕಡ್ಯೋಳಾ?’

‘ಇಲ್ಲ ಕನವ್ವಾ, ತುಮ್ಕೂರ್ ಕಡ್ಯೋರು. ಉಮಾಶ್ರೀ ಅಲ್ವಾ.’

ನನ್ನ ಬಾಯಲ್ಲಿ ‘ಕನವ್ವಾ’ ಬಂದದ್ದನ್ನು ಅವಳು ಗಮನಿಸಿದಳೋ ಇಲ್ಲವೋ. ಮೊಬೈಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ‘ಸುಮ್ನಿರು, ಆ ಹುಂಜ ಸಿಕ್ಕದಾ ನೋಡುಮ’ ಅಂದಳು.