ಹೋರಿ ಬರುವ ಬೀದಿ

ಬೇಲಿಯ ಗಳಕ್ಕೆ ಎದೆಯೊತ್ತಿ ನಿಂತಿದ್ದೀರಿ. ಜಡೆ ಎಂಬ ಊರಿನ ಬೀದಿಯ ಎರಡೂ ಬದಿಗೆ ಬಿದಿರು, ಅಡಿಕೆ ದಬ್ಬೆ ಬಿಗಿದಿದ್ದಾರೆ. ಜಗಲಿ, ಟ್ರ್ಯಾಕ್ಟರ್ ಟ್ರೇಲರು, ಮರದ ಕೊಂಬೆ, ಎಲ್ಲೆಲ್ಲೂ ಜನ. ದೀಪಾವಳಿ ಮುಗಿದಿದೆ. ಸೊರಬ, ಶಿಕಾರಿಪುರ, ಅತ್ತ ಹಾನಗಲ್ ಸೀಮೆಗೂ ಇನ್ನು ಹೋರಿ ಹಬ್ಬದ ದಿನಗಳು.

ಮೈಕಿನಲ್ಲಿ ಒಂದು ಹೆಸರು ಕೂಗುತ್ತಲೇ ಶಿಳ್ಳೆ ಏಳುತ್ತದೆ. ಬೀದಿಯ ತುದಿಯಲ್ಲಿ ಮೊದಲು ಕಾಣುವುದು ಬಲೂನುಗಳು, ಆಮೇಲೆ ಕೊಂಬು.

"ಏ ತಮ್ಮಾ, ದಾರಿಗೆ ನಿಲ್ಲಬ್ಯಾಡ, ಈಚೆ ಬಾ!"

ಅಜ್ಜನ ಮಾತು ಮುಗಿಯುವಷ್ಟರಲ್ಲಿ ಹೋರಿ ನಿಮ್ಮ ಮುಂದೆಯೇ ಹಾದುಹೋಗುತ್ತದೆ. ಕಾಲಡಿಯ ನೆಲ ಅದುರುತ್ತದೆ, ಮುಖಕ್ಕೆ ಧೂಳು ರಾಚುತ್ತದೆ. ಕೊರಳಲ್ಲಿ ಒಣಕೊಬ್ಬರಿಯ ಸರ. ನಾಲ್ಕಾರು ಹುಡುಗರು ಮೇಲೆಬಿದ್ದು ಜೋತಾಡುತ್ತಾರೆ, ಒಬ್ಬ ಉರುಳುತ್ತಾನೆ, ಎದ್ದು ಮತ್ತೆ ಓಡುತ್ತಾನೆ. ಕೊಬ್ಬರಿ ಹರಿಯಗೊಡದೆ ದಾಟಿದರೆ ಗೆಲುವು ಹೋರಿಯದು. ಇದು ದಾಟಿತು. ಸಾಕಿದ ಮನೆಯವರು ಕೇಕೆ ಹಾಕುತ್ತ ಹಿಂದೆಯೇ ಓಡಿದರು.

2023ರ ಮೇ 18ರಂದು ಸುಪ್ರೀಂ ಕೋರ್ಟು ಕಂಬಳ ಮತ್ತು ಹೋರಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಬೇಲಿ ಗಟ್ಟಿಯಿದೆಯೋ ಇಲ್ಲವೋ ನೋಡಬೇಕಾದವರು ಊರವರೇ. ಪ್ರತಿ ವರ್ಷ ಎಲ್ಲೋ ಒಂದು ಮನೆಯ ಹಬ್ಬ ಸೂತಕವಾಗುತ್ತದೆ. ಅಜ್ಜನಂಥವರು ಬೇಲಿಗೊಬ್ಬರು ಇರಲೇಬೇಕು.

ಈ ಬೀದಿಗೆ ಇದೊಂದೇ ಹಬ್ಬವಲ್ಲ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಈ ಸೀಮೆಯ ದೀವರ ಸಮುದಾಯದ ಮನೆಗಳಿಂದ ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗಳು ಗದ್ದೆಗೆ ಹೊರಟಿದ್ದವು. ಬುಟ್ಟಿಯಲ್ಲಿದ್ದದ್ದು ಬಸಿರಾದ ಭೂಮಿಗೆ ಬಯಕೆಯ ಊಟ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಆರದಂತೆ ಮರೆಮಾಡಿಕೊಂಡು, ಬಲೀಂದ್ರನನ್ನು ಹಾಡುತ್ತ ಮನೆಯಿಂದ ಮನೆಗೆ ಬರುತ್ತಾರೆ. ಬಾಗಿಲಿಗೆ ಬಂದ ದೀಪಕ್ಕೆ ಎಣ್ಣೆ ಎರೆಯದೆ ಯಾರೂ ಕಳಿಸುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ನೀರಿನದೇ ಓಡಾಟ. ಬೇಸಿಗೆಗೆ ಅನಾನಸಿನ ಲಾರಿಗಳು.

ಸಂಜೆ. ಮಂಡಕ್ಕಿ ಮಿರ್ಚಿಯ ಅಂಗಡಿಗೆ ಜನ ಮುತ್ತಿದ್ದಾರೆ. ಗೆದ್ದ ಹೋರಿಯ ಕಾಲನ್ನು ಒಬ್ಬಳು ಹುಡುಗಿ ತಿಕ್ಕಿ ತೊಳೆಯುತ್ತಿದ್ದಾಳೆ. ಅಪ್ಪ ಹಿಂಡಿ ಕಲಸುತ್ತಿದ್ದಾನೆ. ಪಕ್ಕದ ಮನೆಯ ಅಂಗಳದಲ್ಲಿ ಆಗಲೇ ಅಡಿಕೆ ಗೊನೆ ಬಂದು ಬಿದ್ದಿವೆ. ಬೇಲಿ ಬಿಚ್ಚುತ್ತಿರುವವರ ನಡುವೆಯೇ ದಾಟಿ ಬಂದ ಮನೆಯಾಕೆ ಎದುರು ಜಗಲಿಗೆ ಕೂಗುತ್ತಾಳೆ:

"ಅಕ್ಕಾ, ನಾಳಿಂದ ಸುಲಿಯಾಕೆ ಬರ್ತೀಯಲ್ಲ?"