ಹಸಿರು ನರಕದಲ್ಲಿ ಸ್ಟಿಯರಿಂಗ್ ಪರೀಕ್ಷೆ

ಜರ್ಮನಿಯ ಕೊಲೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ಸಾಗಿದರೆ ಐಫೆಲ್ ಬೆಟ್ಟಗಳ ನಡುವೆ ನ್ಯೂರ್ಬುರ್ಗ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಪಕ್ಕದ ಗುಡ್ಡದ ನೆತ್ತಿಯಲ್ಲಿ ಮಧ್ಯಯುಗದ ಪಾಳುಕೋಟೆ, ಸುತ್ತಲೂ ದಟ್ಟ ಕಾಡು. ಹಳ್ಳಿಗೂ ಕೋಟೆಗೂ ಪ್ರದಕ್ಷಿಣೆ ಹಾಕುವಂತೆ ಒಂದು ರಸ್ತೆ ಕಾಡಿನೊಳಗೆ ಏರುತ್ತ ಇಳಿಯುತ್ತ ಸಾಗುತ್ತದೆ. ಅದರ ಉದ್ದ 20.8 ಕಿ.ಮೀ.; ತಿರುವುಗಳು 70ಕ್ಕೂ ಹೆಚ್ಚು; ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರ್ ಅಂತರ. ಇದೇ ನ್ಯೂರ್ಬುರ್ಗ್‌ರಿಂಗ್‌ನ ಪ್ರಸಿದ್ಧ 'ನಾರ್ಡ್‌ಶ್ಲೈಫೆ', ಅಂದರೆ ಉತ್ತರದ ಸುತ್ತು.

1925ರಲ್ಲಿ ಕೆಲಸ ಆರಂಭವಾದಾಗ ನಿರುದ್ಯೋಗದಿಂದ ಬಳಲುತ್ತಿದ್ದ ಆ ಬಡ ಪ್ರದೇಶದ ಜನರಿಗೆ ದುಡಿಮೆ ಒದಗಿಸುವುದೂ ಇದರ ಉದ್ದೇಶವಾಗಿತ್ತು. 1927ರಲ್ಲಿ ಮೊದಲ ಪಂದ್ಯ ನಡೆಯಿತು. ಬ್ರಿಟನ್ನಿನ ಹೆಸರಾಂತ ಚಾಲಕ ಜಾಕಿ ಸ್ಟೀವರ್ಟ್ ಈ ಹಾದಿಗೆ 'ಹಸಿರು ನರಕ' ಎಂದು ಹೆಸರಿಟ್ಟರು. ಆ ಹೆಸರು ಬರಿಯ ಅಲಂಕಾರವಲ್ಲ. 1976ರ ಆಗಸ್ಟ್ 1ರಂದು ವಿಶ್ವ ಚಾಂಪಿಯನ್ ನಿಕಿ ಲೌಡಾ ಅವರ ಕಾರು ಇಲ್ಲಿ ದಾರಿ ತಪ್ಪಿ ಗುದ್ದಿ ಹೊತ್ತಿ ಉರಿಯಿತು. ಸಹಸ್ಪರ್ಧಿಗಳೇ ಅವರನ್ನು ಬೆಂಕಿಯಿಂದ ಎಳೆದು ಉಳಿಸಿದರು. ಆ ಬಳಿಕ ಫಾರ್ಮುಲಾ ಒನ್ ಪಂದ್ಯ ಈ ಸುತ್ತಿನಲ್ಲಿ ನಡೆದಿಲ್ಲ.

ಆದರೆ ನಿಗದಿತ ದಿನಗಳಲ್ಲಿ ಸಾಮಾನ್ಯರೂ ಟಿಕೆಟ್ ಪಡೆದು ತಮ್ಮ ಕಾರನ್ನು ಇಲ್ಲಿ ಓಡಿಸಬಹುದು. ಲೈಸೆನ್ಸ್ ಇರಬೇಕು, ವಾಹನ ರಸ್ತೆಗೆ ಅರ್ಹವಾಗಿರಬೇಕು. ಪಂದ್ಯ ಕಟ್ಟುವಂತಿಲ್ಲ. ಅಂಚಿನ ಕಬ್ಬಿಣದ ತಡೆಗೆ ಗುದ್ದಿದರೆ ಅದರ ದುರಸ್ತಿ ವೆಚ್ಚವೂ ಚಾಲಕನ ತಲೆಗೇ.

ಊರಿನ ಬೀದಿಯಲ್ಲಿ ಮುಚ್ಚಿಟ್ಟುಕೊಳ್ಳುವ ಸ್ಟಿಯರಿಂಗ್ ದೋಷ ಇಲ್ಲಿ ಬಯಲಾಗುತ್ತದೆ. ಶುರುವಿನಲ್ಲೇ ಬರುವ ಹಾಟ್ಸೆನ್‌ಬಾಖ್‌ನಲ್ಲಿ ಎಡ, ಬಲ, ಮತ್ತೆ ಎಡ ಎಂದು ತಿರುವುಗಳ ಮಾಲೆ. ಸ್ಟಿಯರಿಂಗ್‌ನಲ್ಲಿ 'ಪ್ಲೇ' ಇದ್ದರೆ ಕೈ ಮೊದಲು ತಿರುಗುತ್ತದೆ, ಕಾರು ಆಮೇಲೆ. ಮುಂದಿನ ಫ್ಲೂಗ್‌ಪ್ಲಾಟ್ಸ್‌ನಲ್ಲಿ ರಸ್ತೆ ದಿಣ್ಣೆ ಏರಿ ಇಳಿಯುತ್ತದೆ. ಅಲ್ಲಿ ಮುಂಚಕ್ರಗಳ ಮೇಲಿನ ಭಾರ ಒಂದು ಕ್ಷಣ ತಗ್ಗಿ ಸ್ಟಿಯರಿಂಗ್ ಹಗುರವಾಗುತ್ತದೆ. ಇದು ದೋಷವಲ್ಲ, ಭೌತಶಾಸ್ತ್ರ.

ಫುಕ್ಸ್‌ರೋರೆಯ ಇಳಿಜಾರಿನ ತಳದಲ್ಲಿ ಸ್ಪ್ರಿಂಗುಗಳು ಅದುಮಿಕೊಳ್ಳುತ್ತವೆ. ಅಂದಕ್ಕೆಂದು ಕಾರನ್ನು ತೀರಾ ತಗ್ಗಿಸಿದವರಿಗೆ ಇಲ್ಲಿ ಪಾಠ ಕಾದಿರುತ್ತದೆ. ಟೈ ರಾಡಿನ ಕೋನ ಕೆಟ್ಟಿದ್ದರೆ, ಕೈ ಅಲುಗದಿದ್ದರೂ ಚಕ್ರಗಳು ತಾವಾಗಿಯೇ ತುಸು ತಿರುಗುತ್ತವೆ. ಕಾರುಸೆಲ್ ಎಂಬ ಓರೆಯಾದ ಕಾಂಕ್ರೀಟ್ ತಿರುವಿನಲ್ಲಿ ಸವೆದ ಕೀಲುಗಳೆಲ್ಲ ಗಡಗಡ ಎನ್ನುತ್ತವೆ. ಕೊನೆಗೆ ಡಾಟಿಂಗರ್ ಹೋಯೆಯ ಉದ್ದನೆಯ ನೇರ ರಸ್ತೆ. ಅಲ್ಲೂ ಕಾರು ಅತ್ತಿತ್ತ ವಾಲುತ್ತಿದ್ದರೆ ಚಕ್ರಗಳ ಜೋಡಣೆ ಸರಿಯಿಲ್ಲವೆಂಬ ಸಂಶಯ ಏಳುವುದು ಸಹಜ.

ಹಾಗಾದರೆ ದೋಷವಿರುವುದು ಎಲ್ಲಿ? ಅನೇಕರು ನೇರವಾಗಿ ದುಬಾರಿ ಸ್ಟಿಯರಿಂಗ್ ರ‍್ಯಾಕ್ ಬದಲಿಸಲು ಹೊರಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ! ಕೈಗೆ ತಿಳಿಯುವುದು ತೊಂದರೆಯ ಕೊನೆಯ ತುದಿ ಮಾತ್ರ. ಮೂಲವನ್ನು ನೆಲದಿಂದ ಮೇಲಕ್ಕೆ ಹುಡುಕುತ್ತ ಬರಬೇಕು. ಅದೂ ನಿಂತ ಕಾರಿನಲ್ಲಿ, ಟಿಕೆಟ್ ಕೊಳ್ಳುವ ಮೊದಲೇ.

ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಟೈರು ತಣ್ಣಗಿರುವಾಗ ಗಾಳಿಯ ಒತ್ತಡ ನೋಡಬೇಕು. ಮುಂದಿನ ಎರಡು ಟೈರುಗಳು ಒಂದೇ ಬಗೆಯವೇ, ಒಳ ಅಂಚು ಹೆಚ್ಚು ಸವೆದಿದೆಯೇ ಎಂದು ಪರೀಕ್ಷಿಸಬೇಕು. ಬಳಿಕ ಇಂಜಿನ್ ಚಾಲೂ ಇಟ್ಟು, ನಿಂತಲ್ಲೇ ಸ್ಟಿಯರಿಂಗನ್ನು ಬೆರಳ ತುದಿಯಿಂದ ಮೆಲ್ಲನೆ ಅಲುಗಿಸಬೇಕು. ಅಂಚು ಎರಡು ಮೂರು ಸೆಂಟಿಮೀಟರ್ ಸರಿದರೂ ಚಕ್ರ ಕದಲದಿದ್ದರೆ ಎಲ್ಲೋ ಒಂದು ಕೀಲು ಸವೆದಿದೆ ಎಂದರ್ಥ.

ಆಮೇಲೆ ಇಂಜಿನ್ ನಿಲ್ಲಿಸಿ, ಜಾಕಿನಿಂದ ಮುಂಭಾಗ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜಾಕನ್ನು ನಂಬಿ ಕೆಳಗೆ ನುಗ್ಗುವುದು ಪ್ರಾಣಕ್ಕೇ ಅಪಾಯ. ಟೈರನ್ನು ಎಡಬಲದಲ್ಲಿ ಹಿಡಿದು ಅಲುಗಿಸಿದಾಗ ಸಡಿಲವೆನಿಸಿದರೆ ಟೈ ರಾಡ್ ಅಥವಾ ರ‍್ಯಾಕ್ ಕಡೆ ನೋಡಬೇಕು. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ರಬ್ಬರ್ ಬುಷ್‌ಗಳದು ಬೇರೆಯೇ ಕಥೆ. ಕೈಯ ಬಲಕ್ಕೆ ಅವು ಬಗ್ಗದಿರಬಹುದು. ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ ಅವುಗಳ ಬಿರುಕನ್ನೂ ಹುಡುಕಬೇಕು.

ಸವೆದದ್ದನ್ನು ಬದಲಿಸಿದ ನಂತರವೇ ವೀಲ್ ಅಲೈನ್‌ಮೆಂಟ್. ಸಡಿಲ ಕೀಲನ್ನು ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಹಣ ದಂಡ. ಮುಂಚಕ್ರಗಳ ಮೂತಿ ತುಸು ಹೊರಕ್ಕಿದ್ದರೆ ಕಾರು ತಿರುವಿಗೆ ಚುರುಕಾಗಿ ಹೊರಳುತ್ತದೆ, ಆದರೆ ನೇರ ರಸ್ತೆಯಲ್ಲಿ ಅಲೆದಾಡುತ್ತದೆ. ತುಸು ಒಳಕ್ಕಿದ್ದರೆ ಅದೇ ಕಾರು ನೆಟ್ಟಗೆ ಓಡುತ್ತದೆ. ಹಾಟ್ಸೆನ್‌ಬಾಖ್ ಬೇಡುವುದು ಒಂದು, ಡಾಟಿಂಗರ್ ಹೋಯೆ ಬೇಡುವುದು ಮತ್ತೊಂದು. ಎರಡಕ್ಕೂ ಒಗ್ಗುವ ಹದವನ್ನು ಕಂಡುಕೊಳ್ಳಬೇಕು.

ಸೈಕಲ್ಲಿನ ಹ್ಯಾಂಡಲ್ ಅಲುಗಿದಾಗ ಮುಂಚಕ್ರವನ್ನು ಎತ್ತಿ ಅಲ್ಲಾಡಿಸಿ ನೋಡುವ ಶಾಲಾ ಹುಡುಗನಿಗೆ ಈ ವಿದ್ಯೆಯ ಅರ್ಧ ಆಗಲೇ ಗೊತ್ತು. ಉಳಿದರ್ಧ ತಾಳ್ಮೆ. ಒಂದು ಸುತ್ತು ಮುಗಿಸಿ, ಏನೋ ಸರಿಯಿಲ್ಲವೆನಿಸಿದಾಗ ಕೈಯಲ್ಲಿ ಇನ್ನೊಂದು ಟಿಕೆಟ್ ಇದ್ದರೂ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಾಗಿ ನೋಡುವ ಚಾಲಕರು ನ್ಯೂರ್ಬುರ್ಗ್‌ನಲ್ಲಿ ಕಾಣಸಿಗುತ್ತಾರೆ. ಹಸಿರು ನರಕದಿಂದ ಸುಖವಾಗಿ ಮನೆಗೆ ಮರಳುವವರು ಅವರೇ.